ಒಂದು ರೈಡಿಗೆ ಮೂರು ವರದಿ

ಕೂಟಗಲ್
8 ಜೂನ್ 2025

ಮೊಮ್ಮಗಳು ಧನುಶ್ರೀಗೆ,

ಮೂರು ಭಾನುವಾರದಿಂದ ನಿನಗೆ ಫೋನ್ ಮಾಡುತ್ತಿದ್ದೇನೆ. ರಿಂಗಾಗಿ ರಿಂಗಾಗಿ ನಿಂತುಹೋಗುತ್ತದೆ. ನಿಮ್ಮಪ್ಪ ಅಶ್ವಥ್ ಮಾಡಿದರೆ ಎತ್ತುತ್ತೀಯಂತೆ, ಅಜ್ಜಿ ಮಾಡಿದರೂ ಎತ್ತುತ್ತೀಯಂತೆ. ಹಾಗಾದರೆ ಫೋನು ಸರಿಯಾಗಿದೆ, ಕೆಟ್ಟಿರುವುದು ಬೇರೆ ಏನೋ ಎಂದು ಇವತ್ತು ಕಾಗದ ತೆಗೆದುಕೊಂಡು ಕೂತೆ. ನೀನು ಎಂಟನೇ ಕ್ಲಾಸಿಗೆ ಕ್ರೀಡಾಶಾಲೆ ಸೇರಿದಾಗ ಅಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿರಲಿಲ್ಲ. ಹದಿನೈದು ದಿನಕ್ಕೊಂದು ಕಾಗದ ಬರೆಯುತ್ತಿದ್ದೆ, ನೀನು ತಪ್ಪದೆ ಉತ್ತರ ಬರೆಯುತ್ತಿದ್ದೆ. ಈಗ ಕನಕಪುರದ ಹಾಸ್ಟೆಲಿನಲ್ಲಿ ಕೂತು ಡಿಗ್ರಿ ಓದುತ್ತಿದ್ದೀಯ ಎಂದು ಕಾಗದ ಓದುವುದನ್ನು ಮರೆತಿರಲಾರೆ.

ಇಲ್ಲಿ ಎಲ್ಲರೂ ಇದ್ದೇವೆ. ಅಶ್ವಥನಿಗೆ ಬಿಡದಿಯಲ್ಲಿ ಈ ವಾರ ರಾತ್ರಿ ಪಾಳಿ. ಹಿಪ್ಪುನೇರಳೆ ಸೊಪ್ಪು ಚೆನ್ನಾಗಿ ಚಿಗುರಿದೆ, ಕೊಯ್ಯಲು ಜನ ಸಿಗುತ್ತಿಲ್ಲ. ನನ್ನ ಮಂಡಿ ಎಂದಿನಂತೆ. ರಾಮನಗರದ ವಾರಪತ್ರಿಕೆಯ ಕೆಲಸವೂ ಎಂದಿನಂತೆ. ಸಂಪಾದಕ ಪ್ರಭುಲಿಂಗನಿಗೆ ಈಗ ನಾನು ಬರೆದದ್ದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಬೇಕಂತೆ. ಕಳೆದ ವಾರ ನಾಟಕದ ವಿಮರ್ಶೆ ಕಳಿಸಿದ್ದರಲ್ಲಿ ಅರ್ಧ ಪುಟ, ಅರ್ಧ ನನ್ನ ಪಂಚೆ ಬಂದಿತ್ತು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕು ಅನ್ನಿಸುತ್ತದೆ. ಆದರೂ ಎಲ್ಲಾದರೂ ಕಬಡ್ಡಿ ಟೂರ್ನಮೆಂಟು ಅಂದರೆ ಕಾಲು ಬಸ್‌ಸ್ಟ್ಯಾಂಡಿನ ಕಡೆಗೇ ಹೋಗುತ್ತದೆ.

ನಿನಗೆ ನನ್ನ ಮೇಲೆ ಯಾಕೆ ಕೋಪ ಎಂದು ನಿಮ್ಮಜ್ಜಿಯನ್ನು ಕೇಳಿದೆ. ಅವಳು ರಾಗಿ ಕೇರುತ್ತಿದ್ದವಳು ತಲೆ ಎತ್ತಲಿಲ್ಲ. 'ನನ್ನ್ಯಾಕ್ ಕೇಳೀರಿ? ಪೇಪರ್ನಾಗೆ ಬರ್ಕಳೋರು ನೀವು. ನಿಮ್ ಪೇಪರ್ನೇ ಕೇಳ್ಕಳಿ' ಅಂದಳು. ಇದರ ಅರ್ಥ ನನಗೆ ಆಗಲಿಲ್ಲ. ನಿನಗೆ ಆದರೆ ಬರೆ.

ನಿನ್ನ ದಾರಿ ನೋಡುತ್ತಿರುವ ತಾತ,
ಮರಿಯಪ್ಪ


ಕನಕಪುರ
14 ಜೂನ್ 2025

ತಾತನಿಗೆ,

ಕಾಗದ ಬಂತು. ಕೇಳಿದ್ದೀಯಲ್ಲ, ಹೇಳುತ್ತೇನೆ.

ಬಿಡದಿಯ ಒಂದು ಕಾರ್ಖಾನೆಯವರು ಹೆಣ್ಣುಮಕ್ಕಳ ಕಬಡ್ಡಿ ತಂಡ ಕಟ್ಟುತ್ತಿದ್ದಾರೆ. ಆಯ್ಕೆಯಾದರೆ ಕೆಲಸವೂ ಸಿಗುತ್ತದೆ, ಆಟವೂ ಉಳಿಯುತ್ತದೆ. ಡಿಗ್ರಿ ಮುಗಿಯುತ್ತಾ ಬಂತು. ಇದು ತಪ್ಪಿದರೆ ನನ್ನ ಆಟ ಇಲ್ಲಿಗೇ ಮುಗಿದ ಹಾಗೆ, ಇನ್ನೊಂದು ದಾರಿ ನನಗೆ ಕಾಣುತ್ತಿಲ್ಲ. ಅರ್ಜಿಯ ಜೊತೆ ಸರ್ಟಿಫಿಕೇಟುಗಳು, ಆಮೇಲೆ ಪತ್ರಿಕೆಯಲ್ಲಿ ಹೆಸರು ಬಂದ ಕಟಿಂಗುಗಳನ್ನು ಫೈಲ್ ಮಾಡಿ ತರಬೇಕಂತೆ.

ನನ್ನ ರೂಮಿನ ನಿಖಾತ್ ಹತ್ತಿರ ಹದಿನಾಲ್ಕು ಕಟಿಂಗ್ ಇವೆ. ಅದರಲ್ಲಿ ಒಂಬತ್ತು ನಿನ್ನ ಪತ್ರಿಕೆಯವು, ನೀನೇ ಬರೆದವು. 'ನಿಖಾತಳ ಹಿಡಿತ ಉಡದ ಹಿಡಿತ' ಅಂತ ಒಂದರಲ್ಲಿ ಬರೆದಿದ್ದೀಯ. ಅದನ್ನು ಅವಳು ಲ್ಯಾಮಿನೇಷನ್ ಮಾಡಿಸಿದ್ದಾಳೆ. ನಾನೂ ಅವಳೂ ಒಂದೇ ತಂಡದಲ್ಲಿ ಅವೇ ಪಂದ್ಯ ಆಡಿದವರು. ನಾನು ಎಲ್ಲ ಹಳೇ ಪತ್ರಿಕೆ ಹುಡುಕಿದೆ. 'ಇತರರು ಉತ್ತಮವಾಗಿ ಆಡಿದರು' ಅಂತ ಹನ್ನೊಂದು ವರದಿಯಲ್ಲಿದೆ. ತಾತ, ಆ ಇತರರು ನಾನು.

ನನ್ನ ಹೆಸರು ಇರುವ ಕಟಿಂಗ್ ಒಂದೇ ಒಂದು. ಕಳೆದ ಡಿಸೆಂಬರ್ 22ರಂದು ಚನ್ನಪಟ್ಟಣದಲ್ಲಿ ಮಾಗಡಿ ತಂಡದ ಮೇಲೆ ಒಂದು ಪಾಯಿಂಟಿನಿಂದ ಸೋತೆವಲ್ಲ, ಆ ಫೈನಲ್‌ದು. 'ಕೊನೆಯ ಗಳಿಗೆಯಲ್ಲಿ ಧನುಶ್ರೀ ತೋರಿದ ಆತುರವೇ ಕನಕಪುರದ ಸೋಲಿಗೆ ಕಾರಣವಾಯಿತು. ಎದುರಾಳಿಯನ್ನು ಮುಟ್ಟುವ ಮೊದಲೇ ಆಕೆಯ ಕಾಲು ಲಾಬಿಯಲ್ಲಿತ್ತು.' ಆ ಕಟಿಂಗನ್ನು ಫೈಲಿಗೆ ಹಾಕಲೋ ಬೇಡವೋ ಹೇಳು.

ಬೇರೆ ಊರಿನವರು ಯಾರಾದರೂ ಹೀಗೆ ಬರೆದಿದ್ದರೆ ನಾನು ಮರೆತುಬಿಡುತ್ತಿದ್ದೆ.

ಧನುಶ್ರೀ


ಕೂಟಗಲ್
20 ಜೂನ್ 2025

ಧನುಶ್ರೀಗೆ,

ನಿನ್ನ ಕಾಗದ ಓದಿ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡು ತೋಟಕ್ಕೆ ಹೋದೆ. ಅಲ್ಲಿ ಇನ್ನೊಂದು ಸಲ ಓದಿದೆ. ನೀನು ಚಿಕ್ಕವಳು, ಒಂದು ಹಳೆಯ ಸಂಗತಿ ಹೇಳಬೇಕು.

ನಾನು ಏಳನೇ ಕ್ಲಾಸು ಓದಿದವನು. ಪತ್ರಿಕೆಗೆ ಬರೆಯುವುದನ್ನು ಯಾರೂ ಕಲಿಸಲಿಲ್ಲ, ಓದಿ ಓದಿ ಕಲಿತೆ. ಬರೆಯಲು ಶುರು ಮಾಡಿದ ಏಳೆಂಟು ವರ್ಷಕ್ಕೆ, 1998ರಲ್ಲಿ, ನಿಮ್ಮಪ್ಪ ಒಳ್ಳೆ ಕಬಡ್ಡಿ ಆಟಗಾರ. ರಾಮನಗರದಲ್ಲಿ ಒಂದು ಪಂದ್ಯವನ್ನು ಒಬ್ಬನೇ ಗೆಲ್ಲಿಸಿದ. ನನಗೆ ತಡೆಯಲಿಲ್ಲ, ಅವನ ಮೇಲೆ ಎಂಟು ಸಾಲು ಬರೆದುಬಿಟ್ಟೆ. ಮಾರನೆಯ ವಾರ ಟೀ ಅಂಗಡಿಯಲ್ಲಿ ಒಬ್ಬ ಅದನ್ನು ಗಟ್ಟಿಯಾಗಿ ಓದಿದ. 'ಆಡೋನು ಮಗ, ಬರೆಯೋನು ಅಪ್ಪ, ಓದೋರು ನಾವು ಬಡ್ಡೆತ್ತೋರು' ಅಂದ. ಇಡೀ ಅಂಗಡಿ ನಕ್ಕಿತು. ಅಲ್ಲಿಂದ ಮುಂದೆ ಅಶ್ವಥ ಅಂಗಳಕ್ಕೆ ಇಳಿದರೆ ಸಾಕು, 'ಪೇಪರ್ ಪೈಲ್ವಾನ್ ಬಂದ' ಅಂತ ಕೂಗುತ್ತಿದ್ದರು. ಒಂದು ವರ್ಷದೊಳಗೆ ಅವನು ಆಟ ಬಿಟ್ಟ. ಯಾಕೆ ಬಿಟ್ಟೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆಮೇಲೆ ಒಂದು ನಿಯಮ ಮಾಡಿಕೊಂಡೆ. ನನ್ನವರನ್ನು ಹೊಗಳಿ ಬರೆಯಬಾರದು. ತಪ್ಪು ಮಾಡಿದರೆ ಮಾತ್ರ ಬಿಡಬಾರದು, ಬಿಟ್ಟರೆ ಪಕ್ಷಪಾತ ಅನ್ನುತ್ತಾರೆ. ಈ ಮೂವತ್ತನಾಲ್ಕು ವರ್ಷದಲ್ಲಿ ನಾನು ಸಂಪಾದಿಸಿದ್ದು ಅದೊಂದೇ ಹೆಸರು. ನಿನ್ನನ್ನು ಹೊಗಳಿದ್ದರೆ ನಿನಗೂ ಅದೇ ಕೂಗು ಕೇಳಬೇಕಾಗುತ್ತಿತ್ತು. ನಿನ್ನನ್ನು ಕಾಪಾಡಿದ್ದೇನೆ ಎಂದುಕೊಂಡಿದ್ದೆ.

ಚನ್ನಪಟ್ಟಣದ ಪಂದ್ಯದ ವಿಷಯ. ಅಂಗಳದ ಪಕ್ಕದ ಪಟ್ಟಿಯೇ ಲಾಬಿ, ಯಾರನ್ನಾದರೂ ಮುಟ್ಟಿದ ಮೇಲೇ ಅಲ್ಲಿ ಕಾಲಿಡಬೇಕು ಎಂಬುದು ನನಗಿಂತ ನಿನಗೆ ಗೊತ್ತು. ಅಂಪೈರು ಸೀಟಿ ಊದಿ ಔಟ್ ಕೊಟ್ಟರು. ಆದದ್ದನ್ನು ಬರೆದೆ.

ಊಟ ಸರಿಯಾಗಿ ಮಾಡು. ಅಜ್ಜಿ ಹುರಿಹಿಟ್ಟು ಕಳಿಸುತ್ತಾಳೆ.

ತಾತ, ಮರಿಯಪ್ಪ


ಕನಕಪುರ
25 ಜೂನ್ 2025

ತಾತನಿಗೆ,

ಅಂಪೈರು ಸೀಟಿ ಊದಿದ್ದು ಮೈದಾನಕ್ಕೆಲ್ಲ ಗೊತ್ತು. ನಾನು ಕೇಳುತ್ತಿರುವುದು ಬೇರೆ. ನೀನು ನೋಡಿದೆಯಾ? ನನ್ನ ಕಾಲನ್ನು ನಿನ್ನ ಕಣ್ಣಲ್ಲಿ ನೋಡಿದೆಯಾ?

ನಾನು ಮೊದಲು ಮುಟ್ಟಿದ್ದೆ. ಆಮೇಲೆ ಕಾಲು ಹೋಯಿತು. ಅವತ್ತಿನಿಂದ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೇನೆ.

ಆಯ್ಕೆ ಜುಲೈ 25ನೇ ತಾರೀಖು ಶುಕ್ರವಾರ. ನನ್ನ ಪ್ರಶ್ನೆಗೆ ಉತ್ತರ ಇದ್ದರೆ ಬರೆ. ಅಪ್ಪನ ಕತೆ ಇನ್ನೊಂದು ಸಲ ಬೇಡ.

ಧನುಶ್ರೀ


ಕೂಟಗಲ್
11 ಜುಲೈ 2025

ಮಗಳೇ ಧನುಶ್ರೀ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಮೂರು ಸಲ ಬರೆದು ಹರಿದೆ. ಇದನ್ನು ಹರಿಯಬಾರದು ಎಂದು ಅಂಚೆ ಡಬ್ಬದ ಪಕ್ಕದ ಕಟ್ಟೆಯ ಮೇಲೇ ಕೂತು ಬರೆಯುತ್ತಿದ್ದೇನೆ.

ನಾನು ನೋಡಲಿಲ್ಲ.

ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ಮಾಗಡಿಯಲ್ಲಿ ಐದು ಜನ ನಿನ್ನ ಮೇಲೆ ಬಿದ್ದು ಭುಜದ ಮೂಳೆ ಮುರಿಯಿತಲ್ಲ, ಅವತ್ತು ನಾನು ಅಂಗಳದ ಪಕ್ಕದಲ್ಲೇ ಕೂತಿದ್ದೆ. ಆ ಸದ್ದು ನನಗೆ ಕೇಳಿಸಿತು. ಅಂದಿನಿಂದ ನೀನು ನಡುಗೆರೆ ದಾಟಿ ಎದುರು ಕಡೆಗೆ ಹೋದ ಕೂಡಲೇ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಕೈಯಲ್ಲಿ ಪೆನ್ನು ಹಿಡಿದು ತಲೆ ಬಗ್ಗಿಸಿರುತ್ತೇನೆ, ನೋಡಿದವರಿಗೆ ಏನೋ ಬರೆದುಕೊಳ್ಳುತ್ತಿದ್ದಾನೆ ಅನ್ನಿಸುತ್ತದೆ. ಸೀಟಿ ಕೇಳಿದ ಮೇಲೆ ಕಣ್ಣು ಬಿಟ್ಟು, ಪಕ್ಕದಲ್ಲಿ ಕೂತವರನ್ನು 'ಎಷ್ಟ್ ಬಂತು?' ಎಂದು ಕೇಳಿ ಬರೆದುಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ನಿನ್ನ ಒಂದು ರೈಡನ್ನೂ ನಾನು ನೋಡಿಲ್ಲ. ಚನ್ನಪಟ್ಟಣದಲ್ಲಿ ಪಕ್ಕದಲ್ಲಿದ್ದವನು ಯಾರೋ ಗೊಂಬೆ ಕಾರ್ಖಾನೆಯವನು. 'ಕಾಲು ಓಯ್ತು ಕಣಣ್ಣೋ, ಆತುರ ಬಿದ್ಬುಟ್ಳು ಹುಡ್ಗಿ' ಅಂದ. ಆತುರ ಎಂಬ ಮಾತು ಅವನದು. ನಾನು ಅದನ್ನು ಅಚ್ಚು ಹಾಕಿಸಿದೆ.

ಇದನ್ನು ನಿಮ್ಮಜ್ಜಿಗೆ ಹೇಳಿದೆ. ಅವಳು 'ಗವಿಸಿದ್ದಯ್ಯನ್ ನಾಟ್ಕಾನಾರ ಕಣ್ ಬುಟ್ಕಂಡು ನೋಡೀರಾ, ಅದೂ ಇಲ್ವಾ?' ಅಂದಳು. ಅವಳ ಮಾತಿನಲ್ಲಿ ಎಷ್ಟು ಮುಳ್ಳಿದೆ ನೋಡು. ಗವಿಸಿದ್ದಯ್ಯ ನಿನಗೂ ಗೊತ್ತು, ವರ್ಷ ವರ್ಷ ಪೌರಾಣಿಕ ನಾಟಕದಲ್ಲಿ ಕಿರೀಟ ಇಟ್ಟುಕೊಳ್ಳುವವನು. ಅವನ ಗಂಟಲು ಹೋಗಿ ಹನ್ನೊಂದು ವರ್ಷವಾಯಿತು. ಮೇಲಿನ ಸ್ವರ ಬಂದಾಗ ಹಾರ್ಮೋನಿಯಂ ಮೇಷ್ಟ್ರೇ ಹಾಡಿ ಮುಚ್ಚುತ್ತಾರೆ. ಅವನ ನೆಂಟರು ಹಾಡಿನ ಮಧ್ಯೆಯೇ ರಂಗದ ಮೇಲೆ ಹತ್ತಿ ಹಾರ ಹಾಕುತ್ತಾರೆ, ಅವನಿಗೂ ಉಸಿರು ತೆಗೆದುಕೊಳ್ಳಲು ಸಮಯ ಸಿಗುತ್ತದೆ. ಪ್ರತಿ ವರ್ಷವೂ ನಾನು 'ಕಂಚಿನ ಕಂಠ' ಎಂದು ಬರೆದಿದ್ದೇನೆ. ಹಳೆಯ ಸ್ನೇಹಿತ, ಮನೆಗೆ ಬಂದು 'ಒಸಿ ನೋಡ್ಕಂಡ್ ಬರೀಲಾ ಮರಿಯಪ್ಪ' ಅಂದರೆ ಇಲ್ಲ ಎನ್ನಲು ಆಗುವುದಿಲ್ಲ. 'ಊರೋರ ಕೂಗ್ಗೆಲ್ಲ ಕಂಚಿನ ಕಂಠ, ಮನೆ ಮಗೀಗೆ ಆತುರ' ಎಂದು ನಿಮ್ಮಜ್ಜಿ ಎದ್ದುಹೋದಳು.

ಸುಸ್ತಾಗಿದೆ ಮಗಳೇ. ಪಕ್ಷಪಾತ ಮಾಡದವನು ಎಂಬ ಹೆಸರು ಕಟ್ಟಿಕೊಂಡು ತಿರುಗಿದೆ, ಅದು ಯಾರ ಬೆನ್ನಿನ ಮೇಲೆ ನಿಂತಿತ್ತು ಎಂದು ನೋಡಿರಲಿಲ್ಲ.

ಈಗ ಒಂದು ಕೆಲಸ ಮಾಡುತ್ತೇನೆ. ನೀನು ಮೊದಲು ಮುಟ್ಟಿದ್ದೆ ಎಂದಿದ್ದೀಯ, ನಿನ್ನ ಮಾತು ನನಗೆ ಸಾಕು. ಹತ್ತೊಂಬತ್ತರ ಸಂಚಿಕೆಗೆ ತಿದ್ದುಪಡಿ ಬರೆದುಕೊಡುತ್ತೇನೆ. ಆಯ್ಕೆಗೆ ಮೊದಲು ನಿನ್ನ ಫೈಲಿನಲ್ಲಿ ಅದು ಇರುತ್ತದೆ.

ನಿನ್ನ ತಾತ,
ಮರಿಯಪ್ಪ


ಕೂಟಗಲ್
27 ಜುಲೈ 2025

ಧನುಶ್ರೀಗೆ,

ಶುಕ್ರವಾರ ಏನಾಯಿತು ಎಂದು ತಿಳಿಯಲಿಲ್ಲ. ಅಶ್ವಥ ಫೋನ್ ಮಾಡಿದರೆ 'ಆಮೇಲೆ ಹೇಳ್ತೀನಪ್ಪ' ಅಂದೆಯಂತೆ.

ಹತ್ತೊಂಬತ್ತರ ಸಂಚಿಕೆಯಲ್ಲಿ ಬರಲಿಲ್ಲ. ಯಾರದೋ ಹುಟ್ಟುಹಬ್ಬ ಎಂದು ಒಳಪುಟ ಪೂರ್ತಿ ಶುಭಾಶಯದ ಜಾಹೀರಾತು ಬಂದುಬಿಟ್ಟಿತು. ನಾನು ರಾಮನಗರಕ್ಕೆ ಹೋಗಿ ಪ್ರಭುಲಿಂಗನ ಮುಂದೆ ಕೂತು ಬೇಡಿಕೊಂಡೆ. 'ಏಳು ತಿಂಗಳ ಹಿಂದಿನ ಆಟಕ್ಕೆ ಯಾರು ಮರಿಯಪ್ಪನವರೇ ತಿದ್ದುಪಡಿ ಓದ್ತಾರೆ?' ಎಂದ. ಕೊನೆಗೆ ನಿನ್ನೆ ಶನಿವಾರ ಹಾಕಿದ. ಒಂದು ದಿನ ತಡವಾಯಿತು. ಆದರೂ ನಿನಗಾಗಿ ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಆಯ್ಕೆಯವರಿಗೆ ಅಂಚೆಯಲ್ಲಾದರೂ ಕಳಿಸು.

'ಡಿಸೆಂಬರ್ 22ರ ಚನ್ನಪಟ್ಟಣದ ಫೈನಲ್‌ನ ಕೊನೆಯ ರೈಡಿನಲ್ಲಿ ಧನುಶ್ರೀ ಎದುರಾಳಿಯನ್ನು ಮೊದಲು ಮುಟ್ಟಿದ್ದರು ಎಂದು ತಿಳಿದುಬಂದಿದೆ. ಅಂಪೈರ್ ಆತುರದ ತೀರ್ಪು ನೀಡಿದರು. ಸೀಟಿ ಊದಿದವರೂ ಮಾಗಡಿಯವರು, ಗೆದ್ದವರೂ ಮಾಗಡಿಯವರು ಎಂಬುದನ್ನು ಓದುಗರು ಗಮನಿಸಬಹುದು.'

ಕೊನೆಯ ಸಾಲು ಬರೆಯುತ್ತಾ ಬರೆಯುತ್ತಾ ತಾನಾಗಿ ಬಂತು. ಪ್ರಭುಲಿಂಗನಿಗೆ ಅದೇ ಹಿಡಿಸಿದ್ದು. 'ಈ ಸಾಲಿಗೆ ಜನ ಓದ್ತಾರೆ' ಅಂದ. ಅವತ್ತಿನ ಅಂಪೈರು ಚಿಕ್ಕಹನುಮಯ್ಯ, ಮಾಗಡಿಯ ನಿವೃತ್ತ ಪಿ.ಟಿ. ಮೇಷ್ಟ್ರು. ನನಗೂ ಅವನಿಗೂ ಹಳೆಯ ಸಲುಗೆ. ಒಂದೆರಡು ದಿನ ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ, ನಿನಗಿಂತ ಹೆಚ್ಚೇ.

ಎಷ್ಟೋ ದಿನಗಳ ನಂತರ, ಬರೆದಾದ ಮೇಲೆ ಸಮಾಧಾನವಾಗಿ ಮಲಗಿದೆ.

ತಾತ


ಕನಕಪುರ
28 ಜುಲೈ 2025

ತಾತ,

ಫೋನಿನಲ್ಲಿ ಹೇಳಲು ಎರಡು ಸಲ ನಂಬರ್ ಒತ್ತಿ ನಿಲ್ಲಿಸಿದೆ. ಅದಕ್ಕೇ ಕಾಗದ.

ಶುಕ್ರವಾರದ ಫೈಲಿಗೆ ನನ್ನ ಹತ್ತಿರ ಇದ್ದ ಆ ಒಂದೇ ಕಟಿಂಗ್ ಹಾಕಿದೆ. ಖಾಲಿ ಕೊಡುವುದಕ್ಕಿಂತ ಇದೇ ಇರಲಿ ಅನ್ನಿಸಿತು. ಮೂರು ಜನ ಕೂತಿದ್ದರು. ಕೋಚ್ ಲತಾಮಣಿ ಅಂತ, ಹಿಂದೆ ರಾಜ್ಯ ತಂಡಕ್ಕೆ ಆಡಿದವರಂತೆ. ಅವರು ಅದನ್ನು ಗಟ್ಟಿಯಾಗಿ ಓದಿದರು.

'ಏನಮ್ಮಾ, ಬೈದಿರೋದನ್ನೇ ತಂದಿದ್ದೀಯಲ್ಲ. ಹೆಸರು ಹಾಕಿಲ್ಲ, ಯಾರಿದು ಬರೆದೋರು?'

'ನಮ್ಮ ತಾತ ಮೇಡಂ.'

ಮೂವರೂ ನಕ್ಕರು. ನನಗೂ ನಗು ಬಂತು, ಅವರ ಮುಂದೆಯೇ ನಕ್ಕುಬಿಟ್ಟೆ. ಆಮೇಲೆ ಅವರು ನಗು ನಿಲ್ಲಿಸಿ, 'ಸರಿ, ಹೇಳು. ಕಾಲು ಹೋಗಿತ್ತಾ ಇಲ್ವಾ?' ಅಂದರು.

'ಹೋಗಿತ್ತು ಮೇಡಂ' ಅಂದೆ.

ಹೋಗಿತ್ತು ತಾತ. ನಾನು ಮುಟ್ಟುವ ಮೊದಲೇ ಎಡಗಾಲು ಲಾಬಿಯೊಳಗಿತ್ತು, ನನಗೆ ಗೆರೆ ಕಾಲಿನ ಕೆಳಗೆ ಜಾರಿದ್ದು ಗೊತ್ತಾಯಿತು. ಆ ಹೊತ್ತಿಗೆ ಹುಡುಗಿಯರೆಲ್ಲ ಅಳುತ್ತಾ ಓಡಿಬಂದರು, 'ಮುಟ್ಟಿದ್ದೆ ಅಲ್ವೇನೇ, ಮುಟ್ಟಿದ್ದೆ ಅಲ್ವೇನೇ' ಅಂದರು. ಹೂಂ ಅಂದೆ. ಬಸ್ಸಿನಲ್ಲೂ ಹೂಂ ಅಂದೆ. ಹಾಸ್ಟೆಲಿನಲ್ಲಿ, ಕಾಲೇಜಿನಲ್ಲಿ, ಅಪ್ಪನ ಹತ್ತಿರ, ನಿನ್ನ ಹತ್ತಿರ. ಹೇಳಿ ಹೇಳಿ ನನಗೂ ಮುಟ್ಟಿದ್ದ ಹಾಗೇ ಅನ್ನಿಸಲು ಶುರುವಾಗಿತ್ತು. ನಿನ್ನ ಮೇಲಿನ ಕೋಪ ಸುಳ್ಳಲ್ಲ. ಆ 'ಇತರರು' ಅನ್ನುವ ಮಾತಿನಿಂದ ನನಗೆ ನಿಜವಾಗಿ ನೋವಾಗಿದೆ. ಆದರೆ ಅದನ್ನು ಹೇಳಲು ನಾನು ತೆಗೆದುಕೊಂಡ ಉದಾಹರಣೆ ಸುಳ್ಳು.

ನೀನು ಕಣ್ಣು ಮುಚ್ಚಿಕೊಳ್ಳುತ್ತೀಯ ಅಂತ ಬರೆದ ಕಾಗದ ಬಂದಾಗಲೇ ಹೇಳಬೇಕಿತ್ತು. ನೀನು ತಿದ್ದುಪಡಿ ಹಾಕಿಸುತ್ತೇನೆ ಅಂದಿದ್ದೆ, ಫೈಲಿಗೆ ಒಂದು ಸಿಗುತ್ತದಲ್ಲ ಅನ್ನಿಸಿತು. ಸುಮ್ಮನಿದ್ದೆ.

ಶನಿವಾರ ನಿಖಾತ್ ಅದನ್ನು ಫೋನಿನಲ್ಲಿ ತೋರಿಸಿದಳು. ಹಾಸ್ಟೆಲಿನವರೆಲ್ಲ ಚಪ್ಪಾಳೆ ಹೊಡೆದರು. ನಾನು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಕೂತೆ. ಆ ಅಂಪೈರಿನ ಬಗ್ಗೆ ಬರೆದ ಸಾಲು ಓದಲು ಆಗುತ್ತಿಲ್ಲ. ಅವರು ಅವತ್ತು ಪಂದ್ಯ ಮುಗಿದ ಮೇಲೆ ನನ್ನ ಹತ್ತಿರ ಬಂದು, 'ಬೇಜಾರ್ ಮಾಡ್ಕಬ್ಯಾಡ ಕಣವ್ವ, ಚೆನ್ನಾಗ್ ಆಡ್ದೆ' ಅಂದಿದ್ದರು.

ಫಲಿತಾಂಶ ಇನ್ನೂ ಬಂದಿಲ್ಲ.

ಧನುಶ್ರೀ


ಕೂಟಗಲ್
10 ಆಗಸ್ಟ್ 2025

ಮಗಳೇ ಧನುಶ್ರೀ,

ನಿನ್ನ ಕಾಗದಕ್ಕೆ ತಕ್ಷಣ ಉತ್ತರ ಬರೆಯಲಿಲ್ಲ. ಕೋಪ ಬಂತು. ಯಾರ ಮೇಲೆ ಎಂದು ನೋಡಿದರೆ, ನಿನ್ನ ಮೇಲೆ ಇದ್ದದ್ದು ಅರ್ಧ ದಿನ ಮಾತ್ರ. ಕಣ್ಣು ಮುಚ್ಚಿಕೊಂಡು ಒಂದು ಸಲ ಬರೆದದ್ದು ಸಾಲದೆ, ಕಣ್ಣು ಮುಚ್ಚಿಕೊಂಡೇ ಎರಡನೆಯ ಸಲವೂ ಬರೆದವನು ನಾನು. ಮೊದಲ ಸಲ ಟೀ ಅಂಗಡಿಗೆ ಹೆದರಿ ಬರೆದೆ, ಎರಡನೆಯ ಸಲ ನಿನ್ನ ಕೋಪಕ್ಕೆ ಹೆದರಿ ಬರೆದೆ.

ಅಷ್ಟರಲ್ಲಿ ಚಿಕ್ಕಹನುಮಯ್ಯ ಸ್ವಾತಂತ್ರ್ಯ ದಿನದ ಟೂರ್ನಮೆಂಟಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ ಸುದ್ದಿ ಬಂತು. ಇನ್ನು ಮೇಲೆ ಸೀಟಿ ಹಿಡಿಯುವುದಿಲ್ಲ ಅಂದನಂತೆ. ಮೊನ್ನೆ ಶುಕ್ರವಾರ ಮಾಗಡಿಗೆ ಹೋದೆ. ಅವನು ಬಾಗಿಲ ಮುಂದೆ ಅವರೆಕಾಳು ಹಸನು ಮಾಡುತ್ತಾ ಕೂತಿದ್ದ.

'ಯಾಕ್ಲಾ ಬಂದೆ? ಇನ್ನೂ ಏನಾರ ಬರೆಯಾದು ಐತಾ?'

'ತಪ್ಪಾಯ್ತು ಕಣ್ಲಾ. ಕಾಲು ಓಗಿತ್ತಂತೆ. ಅವ್ಳೇ ಬರೆದವ್ಳೆ.'

'ನಂಗೊತ್ತಿಲ್ವಾ? ಗೆರೆ ಮ್ಯಾಲೆ ನಿಂತಿದ್ದೋನು ನಾನು. ನೀನೆಲ್ಲಿದ್ದೆ? ಪೆಂಡಾಲ್ ಕೆಳ್ಗೆ ಬೋಂಡ ತಿಂತಿದ್ದೆ.'

'ಬೋಂಡ ತಿಂತಿರ್ನಿಲ್ಲ. ಕಣ್ ಮುಚ್ಕಂಡಿದ್ದೆ.'

'ಅದ್ಯಾಕ್ಲಾ?'

'ಭಯ ಕಣ್ಲಾ. ಹುಡ್ಗಿ ಬಿದ್ಬುಟ್ಟಾಳು ಅಂತ.'

ಅವನು ಕಾಳಿನ ಮೊರ ಕೆಳಗಿಟ್ಟ. ಆಮೇಲೆ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. 'ಇಪ್ಪತ್ತೆಂಟ್ ವರ್ಸ ಸೀಟಿ ಊದಿವ್ನಿ. ಒಂದಿನಾನಾರ ಅಂಪೈರ್ ಯಾರು ಅಂತ ಬರ್ದಿದ್ದೀಯಾ? ಕಳ್ಳ ಅಂತ ಬರೆಯಾಕೆ ಮಾತ್ರ ನಮ್ಮೂರು ನೆಪ್ಪಾಯ್ತಾ? ಅದೂ ಓಗ್ಲಿ. ಅವಳು ನಿನ್ ಮೊಮ್ಮಗಳು ಅಂತ ಯಾಕ್ಲಾ ಹಾಕ್ನಿಲ್ಲ? "ನಮ್ಮ ವರದಿಗಾರರಿಂದ" ಅಂತ ಹಾಕ್ಕಂಡೆ. ತಾತ ಬರ್ದವ್ನೆ ಅಂತ ಗೊತ್ತಿದ್ರೆ ಓದ್ದೋರು, ಪಾಪ, ಮೊಮ್ಮಗಳಲ್ವಾ, ಬುಡು ಅಂದು ನಕ್ಕಿರೋರು. ನನ್ ಮರ್ವಾದಿ ಉಳೀತಿತ್ತು.'

ಅವನ ಹೆಂಡತಿ ಮುನಿಯಮ್ಮ ಕಾಫಿ ತಂದಿಟ್ಟಳು. ನಾನು ಕುಡಿಯಲೋ ಬೇಡವೋ ಎಂದು ನೋಡುತ್ತಿದ್ದೆ. 'ಕುಡಿ, ಕುಡಿ. ಇದ್ನೂ ಪೇಪರ್ನಾಗೆ ಹಾಕ್ಬ್ಯಾಡ' ಅಂದ ಅವನು. ಸೀಟಿ ಮತ್ತೆ ಹಿಡಿಯುತ್ತೀಯಾ ಎಂದು ಕೇಳಿದೆ. 'ನೋಡಾಣ' ಅಂದ.

ಬಸ್ಸಿನಲ್ಲಿ ಬರುತ್ತಾ ಕೆಳಗಿನ ತಿದ್ದುಪಡಿ ಬರೆದೆ. ನಿನ್ನೆ ಪ್ರಭುಲಿಂಗನಿಗೆ ತೋರಿಸಿದರೆ, 'ಮೂರನೇ ಸಲನಾ? ನಮ್ಮ ಪೇಪರ್ ಏನು ನಿಮ್ಮ ಮನೆ ಜಗಲಿನಾ?' ಎಂದ. ಇದು ಹಾಕದಿದ್ದರೆ ಇನ್ನು ಮುಂದೆ ಬರೆಯುವುದಿಲ್ಲ ಎಂದೆ. ನೀನು ಹೂಂ ಅಂದರೆ ಮಾತ್ರ ಹಾಕಬೇಕು ಎಂದೂ ಹೇಳಿ ಬಂದಿದ್ದೇನೆ. ಇಲ್ಲಿ ನಿನ್ನ ಹೆಸರಿದೆ, ನೀನು ಬೇಡವೆಂದರೆ ಮಾಗಡಿಯ ಮಾತಿಗೆ ಮಾತ್ರ ಕ್ಷಮೆ ಕೇಳುತ್ತೇನೆ. ಓದು.

'ತಿದ್ದುಪಡಿ. ಡಿಸೆಂಬರ್ 22ರ ಚನ್ನಪಟ್ಟಣದ ಫೈನಲ್‌ನಲ್ಲಿ ಅಂಪೈರ್ ನೀಡಿದ ತೀರ್ಪು ಸರಿಯಾಗಿತ್ತು. ಮುಟ್ಟುವ ಮೊದಲೇ ಧನುಶ್ರೀಯ ಕಾಲು ಲಾಬಿಯಲ್ಲಿತ್ತು. ಇದನ್ನು ತಿಳಿಸಿದವಳು ಧನುಶ್ರೀಯೇ. ಇಂಥ ಸತ್ಯವಂತ ಹುಡುಗಿ ಯಾವ ತಂಡದಲ್ಲಿದ್ದರೂ ಅದು ಆ ತಂಡದ ಭಾಗ್ಯ. ಜುಲೈ 26ರ ಸಂಚಿಕೆಯಲ್ಲಿ ಅಂಪೈರ್ ಅವರ ಊರಿನ ಬಗ್ಗೆ ಬರೆದ ಮಾತು ತಪ್ಪು, ಅದಕ್ಕೆ ಕ್ಷಮೆ ಕೇಳುತ್ತೇನೆ. ಆ ರೈಡನ್ನು ನಾನು ನೋಡಿರಲಿಲ್ಲ. ಮರಿಯಪ್ಪ, ಕೂಟಗಲ್. ಬರೆದವರು ಆಟಗಾರ್ತಿಯ ತಾತ.'

ಇದರಿಂದ ನಿನ್ನ ಆಯ್ಕೆಗೆ ತೊಂದರೆಯಾಗುತ್ತದೆ ಅನ್ನಿಸಿದರೆ ಹೇಳು, ಕಾಯುತ್ತೇನೆ.

ತಾತ, ಮರಿಯಪ್ಪ


ಕನಕಪುರ
17 ಆಗಸ್ಟ್ 2025

ತಾತ,

ಪಟ್ಟಿ ನಿನ್ನೆ ಬಂತು. ಹನ್ನೆರಡು ಜನರಲ್ಲಿ ನಾನು ಹನ್ನೆರಡನೆಯವಳು. ಬದಲಿ ಆಟಗಾರ್ತಿ. ಯಾರಿಗಾದರೂ ಪೆಟ್ಟಾದರೆ ಮಾತ್ರ ಅಂಗಳಕ್ಕೆ. ಸೆಪ್ಟೆಂಬರ್ ಒಂದಕ್ಕೆ ಬಿಡದಿಗೆ ಬರಬೇಕು. ನಿಖಾತಳ ಹೆಸರು ಮೂರನೆಯದು. ಅವಳ ಫೈಲು ಅವರು ತೆರೆದೇ ನೋಡಲಿಲ್ಲವಂತೆ, ಸುಮ್ಮನೆ ಆಡಿಸಿ ನೋಡಿದರಂತೆ. ನನ್ನದೊಂದೇ ಓದಿದ್ದು.

ಹುಡುಗಿಯರಿಗೆ ಕಾಲು ಹೋಗಿದ್ದ ವಿಷಯ ಹೇಳಿದೆ. ಇಬ್ಬರು ಇನ್ನೂ ಮಾತಾಡುತ್ತಿಲ್ಲ. ಪತ್ರಿಕೆಯಲ್ಲಿ ಬರುವ ಮೊದಲು ನನ್ನ ಬಾಯಿಂದಲೇ ಕೇಳಲಿ ಅಂತ ಹೇಳಿದೆ. ಹಾಗಾಗಿ ನಿನ್ನ ತಿದ್ದುಪಡಿ ಹಾಕಿಸು.

ಆದರೆ ನಾನೂ ಒಂದಿಷ್ಟು ತಿದ್ದಿದ್ದೇನೆ. 'ಇಂಥ ಸತ್ಯವಂತ ಹುಡುಗಿ' ಅಂತ ಇರುವ ಸಾಲು ಪೂರ್ತಿ ಹೊಡೆದುಹಾಕಿದೆ. ಏಳು ತಿಂಗಳು ಸುಳ್ಳು ಹೇಳಿದವಳು ನಾನು, ಗವಿಸಿದ್ದಯ್ಯ ತಾತನ ಕಂಠದ ಹಾಗೆ ಆಗುವುದು ಬೇಡ. 'ಅಂಪೈರ್' ಅಂತ ಇರುವ ಕಡೆ 'ಅಂಪೈರ್ ಚಿಕ್ಕಹನುಮಯ್ಯ' ಅಂತ ಸೇರಿಸಿದೆ. ಕ್ಷಮೆ ಕೇಳುವಾಗಲೂ ಅವರ ಹೆಸರು ಹಾಕದಿದ್ದರೆ ಹೇಗೆ ತಾತ?

'ಬರೆದವರು ಆಟಗಾರ್ತಿಯ ತಾತ' ಅನ್ನುವ ಕೊನೆಯ ಸಾಲನ್ನು ನಾಲ್ಕು ಸಲ ಓದಿದೆ. ನಿಖಾತ್ ಹಿಂದಿನಿಂದ ಬಗ್ಗಿ ನೋಡಿ, 'ಇದ್ಯಾಕೆ ಬೇಕು, ಎಲ್ಲರಿಗೂ ಗೊತ್ತಿರೋದೇ ಅಲ್ವಾ?' ಅಂದಳು. ಗೊತ್ತಿರಬಹುದು. ನನ್ನ ಬಗ್ಗೆ ಅಚ್ಚಿನಲ್ಲಿ ಅದು ಎಲ್ಲೂ ಇಲ್ಲ. ಪ್ರಭುಲಿಂಗಣ್ಣ ಜಾಗ ಸಾಲದು ಅಂದರೆ ಬೇರೆ ಏನನ್ನಾದರೂ ತೆಗೆಯಲಿ, ಅದನ್ನು ತೆಗೆಯುವುದು ಬೇಡ.

ನಿನ್ನ ಮೊಮ್ಮಗಳು,
ಧನುಶ್ರೀ